ಇಪ್ಪತ್ತೆರಡು ಟ್ರೇಗಳ ಕೆಳಗೆ

ಬೆಳಗಿನ ಜಾವ ನಾಲ್ಕೂಕಾಲಿಗೆ ಫೋನು.
"ಸೇಸಪ್ಪಣ್ಣ, ಪುನಃ ಸತ್ತಿತು ಮಾರಾಯ್ರೆ."
ಯಾರು ಅಂತ ನಾನು ಕೇಳುವುದಿಲ್ಲ.
ಕುಲಶೇಖರದ ಇಳಿಜಾರಿನಲ್ಲಿ
ಲೆತಿಸಿಯಾ ಬಾಯಿಯ ಬೇಕರಿ ವ್ಯಾನು,
ಹೆಡ್‌ಲೈಟಿನಲ್ಲಿ ಮುದಿ ನಾಯಿಯ ಕಣ್ಣಿನಷ್ಟು ಬೆಳಕು,
ಕೀ ತಿರುಗಿಸಿದರೆ ಟಿಕ್, ಟಿಕ್,
ಹಲ್ಲಿ ಲೊಚಗುಟ್ಟಿದ ಹಾಗೆ.

ಬ್ಯಾಟರಿ ಇರುವುದು ನೆಲದ ಹೊಂಡದಲ್ಲಿ.
ಹೊಂಡಕ್ಕೆ ತಗಡು, ತಗಡಿನ ಮೇಲೆ ಗೋಣಿ,
ಗೋಣಿಯ ಮೇಲೆ ಇಪ್ಪತ್ತೆರಡು ಟ್ರೇ ಪಾವ್,
ಆಗಷ್ಟೇ ಒಲೆಯಿಂದ ಇಳಿದದ್ದು.
ಒಂದೊಂದೇ ಇಳಿಸಬೇಕು
ಕಾಂಪೌಂಡಿನ ಗೋಡೆಗೆ, ಪಕ್ಕದವರ ಜಗಲಿಗೆ,
ಮಾತೆಯ ಗ್ರೊಟ್ಟೊದ ಮೆಟ್ಟಿಲಿಗೂ ಮೂರು.
ಇಳಿಸಿ, ಸ್ಟಾರ್ಟ್ ಮಾಡಿ, ಮತ್ತೆ ಏರಿಸುವಷ್ಟರಲ್ಲಿ
ಕಂಕನಾಡಿಯ ಹೋಟೆಲಿನವರು
ಬೇರೆ ಯಾರದೋ ಬ್ರೆಡ್ಡು ಕೊಯ್ದಾಗಿರುತ್ತದೆ.

ಹೊಸ ಬ್ಯಾಟರಿ ಹಾಕಿಸಿ ಅಂದೆ.
"ಹಾಕಿಸುವ, ಹಬ್ಬ ಕಳೆಯಲಿ" ಅಂದರು.
ಯಾವ ಹಬ್ಬ ಅಂತ ಹೇಳಲಿಲ್ಲ.
ಕ್ರಿಸ್ಮಸ್ ಹೋಯಿತು, ಈಸ್ಟರ್ ಹೋಯಿತು,
ಹೊಸ ತೆನೆ ಹಿಡಿದು ಮೊಂತಿ ಫೆಸ್ತ್ ಬಂತು.

ಬೆಂಗ್ರೆಯ ಮರಳಲ್ಲಿ ಒಡೆಯಲು ಎಳೆದಿಟ್ಟ ಬೋಟಿನಿಂದ
ಎರಡು ಮಾರು ಕೇಬಲ್ ಬಿಚ್ಚಿ ತಂದೆ.
ಹೆಬ್ಬೆರಳ ದಪ್ಪ, ತವರ ಬಳಿದ ತಾಮ್ರ,
ಹನ್ನೊಂದು ವರ್ಷ ಉಪ್ಪು ಕುಡಿದೂ
ಕೊಯ್ದ ಬಾಯಿ ಫಳಫಳ.
ಆ ಬೋಟಿಗೆ ಅದನ್ನು ಎಳೆದವನೂ ನಾನೇ.
ಆಗ ನನ್ನ ಮೀಸೆ ಕಪ್ಪಿತ್ತು.

ಭಾನುವಾರ, ಅವರು ಪೂಜೆಗೆ ಹೋದಾಗ,
ಖಾಲಿ ವ್ಯಾನಿನ ಹೊಟ್ಟೆಯೊಳಗೆ ನಾನು, ನವಾಜ್.
ಅವನ ಬಾಯಲ್ಲಿ ಟಾರ್ಚು, ಕೈಯಲ್ಲಿ ಸ್ಪಾನರು.
ಮೊದಲು ಉಂಗುರ ಬಿಚ್ಚು ಅಂದೆ,
ಸ್ಪಾನರಿಗೂ ತಗಡಿಗೂ ನಡುವೆ ಸಿಕ್ಕಿದರೆ ಬೆರಳೇ ಬೆಂದೀತು.
ನಿಶ್ಚಯದ ಬೆಳ್ಳಿಯುಂಗುರ, ಮೂರು ವಾರದ್ದು.
ಸಾಬೂನು ಬೇಕಾಯಿತು.
ಮೈನಸ್ ಮೊದಲು ಬಿಚ್ಚು, ಕೊನೆಗೆ ಕಟ್ಟು.
ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸು,
ತಗಡಿನ ತೂತಿಗೆ ರಬ್ಬರಿನ ಬಳೆ,
ಸೈಲೆನ್ಸರ್ ಇರುವ ಕಡೆಗೆ ಮಾತ್ರ ತಲೆಯೇ ಹಾಕಬೇಡ.
ಹಾಗೆ ಗೋಡೆ ಹಿಡಿದು, ಕತ್ತಲಲ್ಲಿ ನಡೆವವರ ಹಾಗೆ,
ಕೇಬಲ್ ಎಡ ಬಾಗಿಲಿಗೆ ಬಂತು.

ಬಾಗಿಲು ತೆರೆದರೆ ಮೊಣಕಾಲೆತ್ತರದಲ್ಲಿ
ಒಂದು ಹಿತ್ತಾಳೆ ಬೋಲ್ಟು,
ಕೆಳಗೆ ಸೆಡೆಸಿಕೊಳ್ಳದ ದಪ್ಪ ಪ್ಲಾಸ್ಟಿಕ್ಕಿನ ಮಣೆ.
ಬೋಲ್ಟಿಗೆ ಕೆಂಪು ಟೊಪ್ಪಿ:
ಬಾಯಿಯವರದೇ ಹಳೇ ಬಿಸಿನೀರ ಚೀಲ ಕತ್ತರಿಸಿದ್ದು.
ಪಕ್ಕದಲ್ಲಿ ಪೈಂಟು ಕೆರೆದು ಬರಿಮೈ ಲೋಹ,
ಮೈನಸ್ಸಿಗೆ. ಅಷ್ಟೆ.
ಸತ್ಯ ಹೇಳಬೇಕೆಂದರೆ
ಇಷ್ಟು ವರ್ಷ ನನಗೂ ಹೊಳೆದಿರಲಿಲ್ಲ.

ತಿಂಗಳಾದ ಮೇಲೆ ಮತ್ತೆ ನಾಲ್ಕೂಕಾಲು.
ಹೋದೆ. ಬಾಗಿಲು, ಟೊಪ್ಪಿ, ಎರಡು ಕ್ಲಿಪ್ಪು.
ಗುರ್ರ್ ಅಂತು.
ಲೆತಿಸಿಯಾ ಬಾಯಿ ಸುಮ್ಮನೆ ನಿಂತಿದ್ದರು,
ಟ್ರೇ ಹಿಡಿಯಲೆಂದು ಮುಂದೆ ಚಾಚಿದ ಕೈ
ಹಾಗೆಯೇ ಗಾಳಿಯಲ್ಲಿ.
ಎಲ್ಲಿ ಇಡುವುದೆಂದು ತಿಳಿಯದೆ
ಕೊನೆಗೆ ಸೊಂಟಕ್ಕೆ ಇಟ್ಟುಕೊಂಡರು.
"ದೇವ್ ಬರೆಂ ಕರುಂ" ಅಂದರು, ವ್ಯಾನಿಗೋ, ನನಗೋ.

ಮೊನ್ನೆ ನಂತೂರಿನ ತಿರುವಿನಲ್ಲಿ
ನನ್ನ ಜೀಪು ಟಿಕ್, ಟಿಕ್.
ಸಾಲಾಗಿ ಹಾರ್ನು, ಮೀನಿನ ಲಾರಿಯ ನೀರು ಕಾಲಮೇಲೆ.
ಬಂದು ನಿಂತದ್ದು ಬೇಕರಿ ವ್ಯಾನು,
ಹಬ್ಬ ಕಳೆದಿತ್ತು ಕಾಣುತ್ತದೆ, ಹೊಸ ಬ್ಯಾಟರಿ.
ಅವರೇ ಇಳಿದು ಟೊಪ್ಪಿ ತೆಗೆದು
ಕೆಂಪು ಕ್ಲಿಪ್ಪು ಕಚ್ಚಿಸಿ, ಇನ್ನೊಂದು ತುದಿ ಹಿಡಿದು
"ನಿಮ್ಮದು ಎಲ್ಲುಂಟು?" ಅಂದರು.

ನನ್ನದು
ಸೀಟಿನಡಿ, ಹತ್ಯಾರಿನ ಪೆಟ್ಟಿಗೆಯ ಹಿಂದೆ,
ನಾಲ್ಕು ಬೋಲ್ಟು ಬಿಗಿದ ತಗಡಿನೊಳಗೆ.

ಮೂರು ಬಂತು.
ನಾಲ್ಕನೆಯದು ತುಕ್ಕು ತಿಂದು ಕಚ್ಚಿ ಕೂತಿದೆ.
"ನಿಮಗೂ ಒಂದು ಬಾಗಿಲು ಇಟ್ಟುಕೊಳ್ಳಬಾರದಾ?"
ಇಡುವ ಅಂದೆ, ಹಬ್ಬ ಕಳೆಯಲಿ.
ಅವರು ನಗಲಿಲ್ಲ.
ನನ್ನ ಕೈ ಎರಡೂ ಮಸಿ ನೋಡಿ
ಮೇಲಿನ ಟ್ರೇಯಿಂದ ಒಂದು ಪಾವ್ ಮುರಿದು
ಬಾಯಿಗೇ ಇಟ್ಟರು.
ಇನ್ನೂ ಬಿಸಿಯಿತ್ತು.
ಅಗಿಯುತ್ತಾ ಸ್ಪಾನರು ಒತ್ತಿದೆ.